ಕರೆದರೆ ಬರುವವಳು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಅಚ್ಚಕ್ಕ ಎನ್ನುತ್ತಿದ್ದರು. ಪ್ರೋಗ್ರಾಮಿನ ಬಗ್ಗೆ ಯಾರು ಏನು ಕೇಳಿದರೂ ಅವಳು ಇಟ್ಟಿಗೆಯ ಅಚ್ಚಿನ ಹೋಲಿಕೆಯಿಂದಲೇ ಶುರುಮಾಡುತ್ತಿದ್ದುದರಿಂದ ಅಂಟಿಕೊಂಡ ಹೆಸರು ಅದು. ಮನೆಗೆಲಸಕ್ಕೆ ಹೆಂಗಸರನ್ನು ಕಳಿಸುವ ಕಂಪನಿ. ಗಿರಾಕಿ ಫೋನಿನಲ್ಲಿ ‘ಅಡುಗೆಯವಳು’ ಎಂದೋ ‘ಪಾತ್ರೆಯವಳು’ ಎಂದೋ ಟೈಪು ಮಾಡುತ್ತಾನೆ. ಅವಳು ಬರೆದ ಪ್ರೋಗ್ರಾಮು ಅದೇ ಹೆಸರಿನ ಅಚ್ಚು ಇದೆಯೇ ಎಂದು ಹುಡುಕಿ, ಸಿಕ್ಕರೆ ಆಗಿಂದಾಗಲೇ ಕಂಪ್ಯೂಟರಿನೊಳಗೆ ಅದರಿಂದ ಹೊಸ ನಕಲೊಂದನ್ನು ತೆಗೆದು, ಆ ಕೆಲಸಕ್ಕೆ ಹೆಂಗಸನ್ನು ಹೊಂದಿಸಲು ಹಚ್ಚುತ್ತದೆ. ಯಾರನ್ನು ಕರೆಯುತ್ತಾರೆಂದು ಅದಕ್ಕೆ ಮೊದಲೇ ಗೊತ್ತಿರಬೇಕಾಗಿಲ್ಲ. ಹೆಸರು ಸಾಕು.

“ಹಾಗೆ ತೆಗೆದದ್ದು ಆಮೇಲೆ ಎಲ್ಲಿಗೆ ಹೋಗುತ್ತೆ?” ಎಂದು ಪಕ್ಕದ ಕುರ್ಚಿಯವಳು ಒಮ್ಮೆ ಕೇಳಿದ್ದಳು.

“ಯಾರಾದರೂ ಹಿಡ್ಕೊಂಡಿರೋ ತನಕ ಇರುತ್ತೆ. ಎಲ್ಲರೂ ಕೈಬಿಟ್ಟ ಮೇಲೆ ಹೋಗುತ್ತೆ.”

“ನಮ್ಮ ಹಾಗೇ ಅನ್ನು.”

ಅಚ್ಚೇ ಇಲ್ಲದ ಹೆಸರು ಬಂದರೆ ಮಾತ್ರ ಪ್ರೋಗ್ರಾಮು ನಿಂತುಬಿಡುತ್ತಿತ್ತು. “ಗಿರಾಕಿಗೆ ಇಲ್ಲ ಅನ್ನಬಾರದು ಕಣಮ್ಮ, ಏನಾದರೂ ಮಾಡು,” ಎಂದ ಮ್ಯಾನೇಜರು. ಮನೆಗೆ ಹೊರಡುವ ಆತುರದಲ್ಲಿ ಅವಳು ಸಾದಾ ಅಚ್ಚೊಂದನ್ನು ಸೇರಿಸಿದಳು. ಕರೆದ ಹೆಸರಿಗೆ ಯಾವ ಅಚ್ಚೂ ಸಿಗದಿದ್ದರೆ ಇದರಿಂದ ಒಬ್ಬಳು ಹುಟ್ಟಬೇಕು. ಅವಳಿಗೆ ಬರುವುದು ಒಂದೇ ಮಾತು: ‘ಬಂದೆ.’ ಆ ಮಾತಿಗಾಗಿ ಅಚ್ಚಕ್ಕ ಯೋಚಿಸಬೇಕಾಗಲಿಲ್ಲ. ಮನೆಯಲ್ಲಿ ಎದ್ದಾಗಿನಿಂದ ಮಲಗುವ ತನಕ ಅವಳು ಆಡುತ್ತಿದ್ದುದೇ ಅದನ್ನು.

ಸ್ವಲ್ಪ ದಿನಕ್ಕೆ ಯಾರೋ ಕುಚೇಷ್ಟೆಗೆ ‘ಹೆಂಡತಿ’ ಎಂದು ಟೈಪು ಮಾಡಿದ. ಕಂಪನಿಯಿಂದ ಯಾರೂ ಹೋಗಿರಲಿಲ್ಲ. ಆದರೂ ಮರುದಿನ ಅವನ ಅಭಿಪ್ರಾಯ ಬಂದಿತ್ತು: ‘ಬಂದಿದ್ದಳು. ಎಲ್ಲ ಮಾಡಿದಳು. “ಬಂದೆ” ಅಂದದ್ದು ಬಿಟ್ಟರೆ ತುಟಿ ಬಿಚ್ಚಲಿಲ್ಲ. ತುಂಬ ತೃಪ್ತಿ.’

“ನನಗೂ ಒಂದು ಹೇಳಿಬಿಡು,” ಎಂದು ಮ್ಯಾನೇಜರು ನಕ್ಕ. ಅಚ್ಚಕ್ಕ ಆ ಅಭಿಪ್ರಾಯವನ್ನು ಮತ್ತೊಮ್ಮೆ ಓದಿದಳು.

ಆ ಸಂಜೆ ಅವಳು ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಅತ್ತೆ ಕೂಗಿದರು. “ಸೊಸೇ, ನೀರು.”

“ಬಂದೆ,” ಎಂದಿತು ಅಡುಗೆಮನೆಯಿಂದ ಅವಳದೇ ದನಿ. ಅವಳು ಬಾಯಿಯನ್ನೇ ತೆರೆದಿರಲಿಲ್ಲ.

ಒದ್ದೆ ಕೈಯಲ್ಲೇ ಓಡಿಬಂದರೆ ಅತ್ತೆಯ ಕೈಯಲ್ಲಿ ಲೋಟ ಇತ್ತು. “ಈಗ ತಾನೆ ಕೊಟ್ಟು ಹೋದೆಯಲ್ಲ. ನನಗಿಂತ ಮುಂಚೆ ನಿನಗೆ ಅರಳುಮರಳಾಯ್ತಾ?”

ನಿಜ ಹೇಳಬೇಕೆಂದರೆ ಮೊದಮೊದಲು ಅವಳಿಗೆ ಭಯಕ್ಕಿಂತ ಆರಾಮವೇ ಹೆಚ್ಚಾಯಿತು. ಅತ್ತೆ ‘ಸೊಸೇ’ ಎನ್ನುತ್ತಿದ್ದರು, ಗಂಡ ‘ಲೇ’ ಎನ್ನುತ್ತಿದ್ದ, ಕೆಲಸ ಆಗಿರುತ್ತಿತ್ತು. ಅವಳು ಮಂಚದ ಮೇಲೆ ಕಾಲು ನೀಡಿ ಕೂತು ಸೌಟಿನ ಸದ್ದು ಕೇಳುತ್ತಿದ್ದಳು. ನೋಡಲು ಹೋದರೆ ಅಡುಗೆಮನೆ ಖಾಲಿ, ಕಟ್ಟೆ ಆಗಷ್ಟೇ ಒರೆಸಿದಂತೆ ಒದ್ದೆ. ಗಂಡನಿಗೆ ವ್ಯತ್ಯಾಸ ತಿಳಿಯಲಿಲ್ಲ. “ಈಚೆಗೆ ನಿನ್ನ ಗೊಣಗಾಟ ಕಮ್ಮಿಯಾಗಿದೆ,” ಎಂದಷ್ಟೇ ಹೇಳಿದ, ಮೆಚ್ಚಿಕೊಂಡು.

ಮಗಳು ಕರೆಯುತ್ತಿದ್ದುದು ಬೇರೆ ಹೆಸರಿನಿಂದ. ಮಾತು ಬರುವ ಮೊದಲೇ ಅವಳ ಬಾಯಲ್ಲಿ ಹುಟ್ಟಿದ ‘ಬುಬ್ಬು.’ ಅದು ತಾಯಿ ಮಗಳ ನಡುವಿನದು, ಬೇರೆ ಯಾರೂ ಬಳಸುತ್ತಿರಲಿಲ್ಲ. ಆ ಕರೆಗೆ ಅಚ್ಚಕ್ಕ ಯಾವತ್ತೂ ತಾನೇ ಏಳುತ್ತಿದ್ದಳು.

“ಬುಬ್ಬು, ಜಡೆ ಹಾಕು ಬಾ,” ಎಂದು ಒಂದು ಸಂಜೆ ಮಗಳು ಕೋಣೆಯಿಂದ ಕರೆದಳು. ಅಚ್ಚಕ್ಕ ಮಂಚದಿಂದ ಕಾಲು ಇಳಿಸುವಷ್ಟರಲ್ಲಿ ಅಡುಗೆಮನೆಯಿಂದ ಕೇಳಿತು: “ಬಂದೆ.”

ಅವಳು ಕೋಣೆ ಮುಟ್ಟುವ ಹೊತ್ತಿಗೆ ಜಡೆ ಮುಗಿದಿತ್ತು. ಹುಬ್ಬು ಮೇಲೆಳೆಯುವಷ್ಟು ಬಿಗಿ. ಮಗಳು ಬಾಗಿಲಿಗೆ ಬೆನ್ನು ಹಾಕಿ ಕನ್ನಡಿಯ ಮುಂದೆ ಕೂತಿದ್ದಳು. “ನಿನ್ನ ಕೈ ಯಾಕೆ ಇಷ್ಟು ತಣ್ಣಗಿದೆ? ಮಾತಾಡಿಸಿದರೂ ಮಾತಾಡಲಿಲ್ಲ.”

ಮರುದಿನ ಆಫೀಸಿಗೆ ಹೋದವಳೇ ಆ ಸಾದಾ ಅಚ್ಚನ್ನು ಅಳಿಸಿದಳು. ಹೆಸರು ಸಿಗದಿದ್ದರೆ ‘ಇಂಥವರು ಯಾರೂ ಇಲ್ಲ’ ಎಂದು ಹೇಳಿ ಪ್ರೋಗ್ರಾಮು ನಿಲ್ಲಲಿ.

“ಗಿರಾಕಿ ಬೈತಾನೆ,” ಎಂದ ಮ್ಯಾನೇಜರು.

“ಬೈಯಲಿ ಸಾರ್. ಎದ್ದು ಅವನೇ ಮಾಡಿಕೊಳ್ಳಲಿ.”

ಸಂಜೆ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅತ್ತೆಯ ಕೂಗು ಕೇಳಿತು. “ಸೊಸೇ.” ಉತ್ತರವಿಲ್ಲ. “ಲೇ, ಅಮ್ಮ ಕರೀತಿದಾರೆ, ಹಾಲು ಬೇರೆ ಉಕ್ಕುತ್ತಿದೆ,” ಎಂದ ಗಂಡ, ಕೂತಲ್ಲಿಂದಲೇ. ಉತ್ತರವಿಲ್ಲ. ಅಚ್ಚಕ್ಕ ತನ್ನ ನಾಲಗೆ ತುದಿಗೆ ಬಂದ ‘ಬಂದೆ’ಯನ್ನು ಹಲ್ಲು ಕಚ್ಚಿ ತಡೆದಳು.

“ಬುಬ್ಬು?” ಎಂದಳು ಮಗಳು, ಸಣ್ಣ ದನಿಯಲ್ಲಿ.

“ಇಲ್ಲಿದೀನಿ ಕಂದ. ಹೊರಗೆ.”

ಮಗಳು ಓಡಿಬಂದು ಮೊದಲು ಕೈ ಮುಟ್ಟಿ ನೋಡಿದಳು. ಆಗ ಅಡುಗೆಮನೆಯಲ್ಲಿ ಒಲೆ ಆರಿಸಿದ ಟಕ್ ಸದ್ದು. ಪಾತ್ರೆ ಇಳಿಸಿದ ಸದ್ದು. ಅತ್ತೆ, ಗಂಡ ಇಬ್ಬರೂ ನಡುಮನೆಯಲ್ಲೇ ಇದ್ದರು.

“ಒಳಗೇ ಇದಾಳೆ ಬಿಡು,” ಎಂದು ಅತ್ತೆ ಸಮಾಧಾನದಿಂದ ಒರಗಿಕೊಂಡರು.

ಅಚ್ಚಕ್ಕನಿಗೆ ಅರ್ಥವಾಯಿತು. ಹೊಸಬಳು ಹುಟ್ಟದ ಹಾಗೆ ಮಾಡಿದ್ದಳು, ಅಚ್ಚಿನ ಜೊತೆ ‘ಬಂದೆ’ ಎಂಬ ಮಾತೂ ಅಳಿದಿತ್ತು, ಅಷ್ಟೇ. ಆಗಲೇ ಹುಟ್ಟಿದವಳನ್ನು ಹಿಡಿದುಕೊಂಡವರು ಬಿಟ್ಟಿರಲಿಲ್ಲ. ಅವರು ಬಿಡುವವರೂ ಅಲ್ಲ.

ಅವಳು ಒಳಗೆ ಹೋಗಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು ಮಗಳನ್ನು ಮುಂದೆ ಕೂರಿಸಿಕೊಂಡು ಜಡೆಗೆ ಕೈ ಹಾಕಿದಳು. ನಿನ್ನೆಯ ಗಂಟು ಸುಲಭಕ್ಕೆ ಬಿಚ್ಚಲಿಲ್ಲ. ಉಗುರು ಹಾಕಿ ಎಳೆ ಎಳೆಯಾಗಿ ಬಿಡಿಸಬೇಕಾಯಿತು.

“ನೋವಾಗುತ್ತಾ?”

“ಪರವಾಗಿಲ್ಲ, ನೀನು ಮಾತಾಡ್ತಾ ಇರು,” ಎಂದಳು ಮಗಳು.

ಒಳಗೆ ತಟ್ಟೆಗಳನ್ನು ಒಂದೊಂದಾಗಿ ಹಾಕುವುದು ಕೇಳುತ್ತಿತ್ತು. ಅಚ್ಚಕ್ಕ ಬಾಯಿಗೆ ಬಂದದ್ದನ್ನೆಲ್ಲ ಮಾತಾಡುತ್ತಲೇ ಇದ್ದಳು.