ಬಿಸಿಲಿಗೆ ಹಿಡಿದ ಕಿವಿ

ತೀರಿಕೊಂಡ ತಂಗಿಯ ಟ್ರಂಕಿನಿಂದ ಬಂದ ಸಣ್ಣ ಡಬ್ಬಿಯಲ್ಲಿ ಒಂದು ಜೊತೆ ಓಲೆ ಇದ್ದವು. ಬಲಗಿವಿಯದಕ್ಕೆ ಎಲ್ಲ ಓಲೆಗಳಿಗಿರುವಂತೆ ತಿರುಪು. ಎಡಗಿವಿಯದಕ್ಕೆ ತಿರುಪಿಲ್ಲ; ಹಿಂಬದಿಯಿಂದ ಚಿನ್ನದ ತಂತಿಯೊಂದು ಎದ್ದು, ಕಿವಿಯ ಮೇಲೆ ಕೂರುವಂತೆ ಕೊಕ್ಕೆಯಾಗಿ ಬಾಗಿತ್ತು. ಮೂಸಿ ನೋಡಿದೆ. ಅರಗಿನ ವಾಸನೆ ಇನ್ನೂ ಉಳಿದಿತ್ತೋ, ನನ್ನ ಮೂಗೇ ಅದನ್ನು ಹುಟ್ಟಿಸಿಕೊಂಡಿತೋ… ಮದ್ದೂರಿನ ಆ ಆಚಾರ್ರು ಎದುರಿಗೆ ಬಂದು ಕೂತಂತಾಯಿತು.

ಚಿನ್ನದ ಕೆಲಸದ ಆಚಾರ್ರು ಅವರು. ಆಗ ಯುದ್ಧದ ಕಾಲ. ಅವ್ವ ತೀರಿಕೊಂಡ ಮೇಲೆ ನಾನು ಬೆಸಗರಹಳ್ಳಿ ಕಡೆ ಹುಣಸೆಹಣ್ಣು ಕೊಂಡು ಮದ್ದೂರಿನಲ್ಲಿ ಮಾರಿ ತಂಗಿಯನ್ನು ಸಾಕುತ್ತಿದ್ದೆ. ಮರದ ಕೆಳಗೆ ನಿಂತು ಮೇಲೆ ನೋಡಿದರೆ ಸಾಕು, ಎಷ್ಟು ಹಣ್ಣು ಇಳಿಯುತ್ತದೆಂದು ಹೇಳಿಬಿಡುತ್ತಿದ್ದೆ. ಯಾರೇ ಆಗಲಿ ಮೊದಲು ಹೇಳುವುದು ಏರಿಸಿದ ಮಾತು, ಅರ್ಧಕ್ಕೆ ಕೇಳಬೇಕು, ಮುಕ್ಕಾಲಿಗೆ ಒಪ್ಪಬೇಕು. ಇದೇ ನಾನು ಕಲಿತ ವಿದ್ಯೆ. ಈಗಲೂ ವ್ಯಾಪಾರಕ್ಕಿಳಿಯುವವರಿಗೆ ಅದನ್ನೇ ಹೇಳುತ್ತೇನೆ. ಮೈಯ ವಿಷಯಕ್ಕೆ ಮಾತ್ರ ಹೇಳುವುದಿಲ್ಲ.

ತಂಗಿಗೆ ದುದ್ದದ ಕಡೆ ಗಂಡು ಗೊತ್ತಾಗಿತ್ತು. ಮದುವೆಗೆ ಮೂರು ತಿಂಗಳಿರುವಾಗ ಹನಕೆರೆ ಸ್ಟೇಷನ್ನಿನಲ್ಲಿ ರೈಲು ಹತ್ತುವ ನೂಕಾಟದಲ್ಲಿ, ಯಾರದೋ ಬುಟ್ಟಿಯ ಬಿದಿರು ಸೀಳು ಅವಳ ಓಲೆಗೆ ಸಿಕ್ಕಿ ಎಡಗಿವಿಯ ಹಾಲೆ ಎರಡಾಗಿ ಹರಿಯಿತು. ಮಂಡ್ಯದ ಡಾಕ್ಟರು ಸೇರಿಸಿ ಹೊಲಿದರು. ದಾರ ತೆಗೆದಾಗ ಕೂದಲೆಳೆಯಂಥ ಗೆರೆ ಬಿಟ್ಟು ಬೇರೇನೂ ಕಾಣಲಿಲ್ಲ. ಆದರೆ ತೂತೂ ಮುಚ್ಚಿಹೋಗಿತ್ತು. ಬರಿಗಿವಿಯ ಹೆಣ್ಣನ್ನು ಹಸೆಮಣೆಗೆ ಕೂರಿಸುವುದು ಹೇಗೆ? ಗಂಡಿನ ತಾಯಿ ಅಪಶಕುನವೆಂದು ಸಂಬಂಧ ಮುರಿದುಬಿಟ್ಟರೆ? ಅವರಿಗೆ ನಾನು ಕಿವಿಯ ಸುದ್ದಿಯನ್ನೇ ಹೇಳಿರಲಿಲ್ಲ.

ಹೊಲಿದು ತಿಂಗಳು ತುಂಬಿದ ಕೂಡಲೇ ಮತ್ತೆ ಕಿವಿ ಚುಚ್ಚಿಸಲು ಆಚಾರ್ರ ಬಳಿ ಕರೆದೊಯ್ದೆ. ಅವರು ಸೂಜಿ ಮುಟ್ಟಲಿಲ್ಲ. ತಂಗಿಯನ್ನು ಜಗಲಿಗೆ ಕರೆದು, ಕಿವಿಯ ಹಿಂದಕ್ಕೆ ಬಿಸಿಲು ಬೀಳುವಂತೆ ನಿಲ್ಲಿಸಿ, ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದರು. ನನಗೂ ತೋರಿಸಿದರು. ಹಾಲೆಯೆಲ್ಲ ಕೆಂಪಗೆ ಬೆಳಗುತ್ತಿತ್ತು. ನಡುವೆ ಒಂದು ಕಪ್ಪು ಗೆರೆ.

“ಮ್ಯಾಲೆ ಕೂಡ್ಕಂಡದೆ, ಒಳಗಿನ್ನೂ ಗಟ್ಟಿ ಅದೆ. ಆರು ತಿಂಗ್ಳು ಬುಡವ್ವ, ಮೆತ್ತಗಾಗ್ಲಿ. ಆಗ್ಲೂ ಗೆರೆ ಮ್ಯಾಲೆ ಚುಚ್ಚಾಕಿಲ್ಲ, ಪಕ್ಕದಲ್ಲಿ ಚುಚ್ತೀನಿ.”

“ಆರು ಬ್ಯಾಡಿ ಆಚಾರ್ರೇ, ಎರಡು ಮಾಡ್ಕಳಿ.”

ಅವರು ನಕ್ಕುಬಿಟ್ಟರು. “ಉಣಸೆಹಣ್ಣೇನವ್ವ ಇದು? ಚೌಕಾಸಿ ನನ್ ತಾವ ಮಾಡು. ಆ ಗೆರೆ ತಾವ ಮಾಡಕಾಯ್ತದಾ?”

ನನಗೆ ರೇಗಿತು. ಮಳವಳ್ಳಿ ಸಂತೆಯಲ್ಲಿ ಕಿವಿ ಚುಚ್ಚುವವನೊಬ್ಬ ಕೂರುತ್ತಿದ್ದ. ಎರಡನೆಯ ತಿಂಗಳು ಮುಗಿಯುವ ಮೊದಲೇ ಅಲ್ಲಿಗೆ ಹೋದೆ. ಅವನು ಬಿಸಿಲಿಗೆ ಹಿಡಿಯಲಿಲ್ಲ, ಏನೂ ಕೇಳಲಿಲ್ಲ. “ಕೂರ್ಸವ್ವ” ಎಂದವನೇ ಗೆರೆಯ ನಟ್ಟನಡುವೆ ಚುಚ್ಚಿದ. ಸೂಜಿ ಹೋಗದೆ ಎರಡು ಸಲ ಒತ್ತಬೇಕಾಯಿತು. ಆ ತೂತಿಗೆ ತಂತಿಯೊಂದನ್ನು ತೂರಿಸಿ ಸುತ್ತಿದ. ತಂಗಿ ನನ್ನ ಸೆರಗು ಕಚ್ಚಿಕೊಂಡಳು. ನಾನು ಗೆದ್ದೆ ಎಂದುಕೊಂಡೆ.

ಮೂರನೆಯ ದಿನಕ್ಕೆ ಕಿವಿ ಊದಿ ಕೆನ್ನೆಗಿಳಿಯಿತು. ಜ್ವರ. ಐದನೆಯ ದಿನ ಬೆಳಿಗ್ಗೆ ಗಂಜಿಯ ಲೋಟ ಪಕ್ಕಕ್ಕಿಟ್ಟು, “ಅಕ್ಕ, ದವಡೆ ಬಿಗೀತಾ ಅದೆ” ಎಂದಳು. ನಮ್ಮ ಬೀದಿಯಲ್ಲೇ ಮುಳ್ಳು ತುಳಿದವನೊಬ್ಬ ಧನುರ್ವಾಯು ಬಂದು, ಬಾಯಿ ಕಚ್ಚಿಕೊಂಡು, ಬಿಲ್ಲಿನಂತೆ ಬಾಗಿ ಸತ್ತದ್ದನ್ನು ನಾನು ನೋಡಿದ್ದೆ. ಆಚಾರ್ರ ಬಾಗಿಲಿಗೇ ಓಡಿದೆ.

ಅವರು ಬೈಯಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಕುದಿಸಿದ ಇಕ್ಕಳದಿಂದ ತಂತಿ ಕತ್ತರಿಸಿ ತೆಗೆದು, ಗಾಡಿ ಕಟ್ಟಿಸಿ, ತಾವೂ ಮಂಡ್ಯಕ್ಕೆ ಬಂದರು. ಡಾಕ್ಟರು ಕೀವು ತೆಗೆದು ಕಟ್ಟು ಕಟ್ಟಿದರು. ಬಾಯಿ ಬಿಗಿಯುವುದು ಬಾವಿನಿಂದಲೋ ಧನುರ್ವಾಯುವಿನಿಂದಲೋ ಈಗಲೇ ಹೇಳಲಾರೆ, ದಿನಾ ನೋಡುತ್ತಿರಿ ಎಂದರು.

ನೋಡುವುದೆಂದರೆ ಏನು ಎಂದು ಆಮೇಲೆ ತಿಳಿಯಿತು… ಪ್ರತಿ ಬೆಳಿಗ್ಗೆ ಆಚಾರ್ರು ಕುಲುಮೆ ಹಚ್ಚುವ ಮೊದಲು ನಮ್ಮ ಬಾಗಿಲಿಗೆ ಬರುತ್ತಿದ್ದರು. “ಎಲ್ಲಿ ಮಗ, ಬಾಯಿ ಬುಡು ನೋಡಾನ. ನಿನ್ ಬೆರಳೇ ಜೋಡ್ಸಿ ಇಡು.” ಮೊದಲ ದಿನ ಹಲ್ಲುಗಳ ನಡುವೆ ಎರಡು ಬೆರಳು ಹಿಡಿಯಿತು. ಮರುದಿನ ಒಂದೇ. ನಾನು ಗೋಡೆಗೆ ಮುಖ ಮಾಡಿ ನಿಂತೆ. ಅವರು ಎದ್ದು ಕುಲುಮೆಗೆ ಹೋದರು. ಆ ಹಗಲು ನಾನು ಅನ್ನ ಮುಟ್ಟಲಿಲ್ಲ. ಅವಳ ಉಸಿರನ್ನೇ ಕೇಳುತ್ತ ಕೂತಿದ್ದೆ. ಮೂರನೆಯ ಬೆಳಿಗ್ಗೆ ಮತ್ತೆ ಎರಡು. ಆರನೆಯ ದಿನ ಮೂರು ಬೆರಳೂ ಹಿಡಿದಾಗ ಆಚಾರ್ರು, “ಮುದ್ದೆ ನುಂಗೋ ಬಾಯಿ ಕಣವ್ವ ಇದು, ಬಾವು ಅಷ್ಟೇಯ” ಎಂದು ನಕ್ಕರು. ಅವರ ಹಣೆಯ ಮೇಲೆ ಬೆವರಿತ್ತು.

ಮದುವೆಗೆ ಈ ಕೊಕ್ಕೆಯ ಓಲೆ ಮಾಡಿಕೊಟ್ಟರು. ಕೂದಲ ಮರೆಯಲ್ಲಿ ಕೊಕ್ಕೆ ಯಾರಿಗೂ ಕಾಣಲಿಲ್ಲ. “ಗೆರೆ ಮೆತ್ತಗಾಗ್ಲಿ, ನಾನೇ ಚುಚ್ಚಿ, ಕೊಕ್ಕೆ ಕುಯ್ದು ತಿರುಪು ಆಕ್ಕೊಡ್ತೀನಿ” ಎಂದಿದ್ದರು. ಆ ಸಲ ನಾನು ಒಂದು ದಿನವನ್ನೂ ಇಳಿಸಲಿಲ್ಲ. ವರ್ಷ ತುಂಬಲೆಂದು ಕಾದೆ. ತಂಗಿ ದುದ್ದದಿಂದ ಬಂದಳು. ಹೋದರೆ ಕುಲುಮೆ ತಣ್ಣಗಿತ್ತು. ಅವರ ಹೆಂಡತಿ ಬಾಗಿಲಿಗೆ ಬಂದು, “ಓದ ತಿಂಗ್ಳೇ ಓಗ್ಬುಟ್ರು ಕಣವ್ವ, ಎದೆನೋವು ಅಂದ್ರು…” ಎಂದರು. ತಂಗಿ ಆ ಜಗಲಿಯ ಮೇಲೆ, ಬಿಸಿಲಿಗೆ ಕಿವಿ ಕೊಟ್ಟು ನಿಂತಿದ್ದ ಜಾಗದಲ್ಲೇ, ಕೂತುಬಿಟ್ಟಳು. ಆಮೇಲೆ ಆ ಕಿವಿಯನ್ನು ಅವಳು ಯಾರ ಕೈಗೂ ಕೊಡಲಿಲ್ಲ.

ಈಗ ನನ್ನ ಮೊಮ್ಮಗಳು ಭಾರದ ಜುಮುಕಿಗೆ ಹರಿದ ಎಡಗಿವಿಯ ಹಾಲೆ ಹೊಲಿಸಿಕೊಂಡು ಬಂದಿದ್ದಾಳೆ. “ಅಜ್ಜಿ, ಡಾಕ್ಟ್ರು ಇನ್ನೂ ಮೂರು ತಿಂಗ್ಳು ಅಂದವ್ರೆ. ಒಂದಕ್ಕೆ ಆಗಲ್ವಾ?” ಎಂದು ಕೇಳಿದಳು. ನನ್ನದೇ ರಕ್ತ! ಕಿಟಕಿಗೆ ಕರೆದು ಕಿವಿಯನ್ನು ಬಿಸಿಲಿಗೆ ಹಿಡಿದೆ. ಕೆಂಪಿನ ನಡುವೆ ಅದೇ ಕಪ್ಪು ಗೆರೆ.

“ಎಲ್ಲಿ, ಬಾಯಿ ಬುಡು ನೋಡಾನ” ಎಂದುಬಿಟ್ಟೆ.

“ಕಿವಿಗೂ ಬಾಯಿಗೂ ಏನಜ್ಜಿ?” ಎಂದು ನಗುತ್ತಲೇ ಅವಳು ಅಗಲವಾಗಿ ಬಾಯಿ ತೆರೆದಳು. ನಾನು ಮೂರು ಬೆರಳಗಲ ನೋಡಿಕೊಂಡೆ. ಆಮೇಲೆ ಕೊಕ್ಕೆಯ ಓಲೆಯನ್ನು ಅವಳ ಕೈಗಿಟ್ಟೆ. ಅದನ್ನು ಕುಯ್ದು ತಿರುಪು ಹಾಕುತ್ತೇನೆಂದವರೂ ಇಲ್ಲ, ಅದಕ್ಕೆ ಕಾದ ತಂಗಿಯೂ ಇಲ್ಲ… ಗೆರೆ ಹೋಗುವವರೆಗೆ ಇದನ್ನೇ ಹಾಕಿಕೋ ಎಂದೆ.