ಚಿಟಿಕೆ ಪುಡಿಯ ಪರೀಕ್ಷೆ

ಇಟ್ಟಿಗೆ ಹೊತ್ತು ಹೊತ್ತು ಸೊಂಟ ಬಿದ್ದುಹೋದ ಮೇಲೆ ಕಲಬುರಗಿಯ ದೇವಕ್ಕನಿಗೆ ಚೆಂಬೂರಿನ ಸಣ್ಣ ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಹೊಟ್ಟೆ ಕೆಟ್ಟ ಮಕ್ಕಳಿಗೆ ಕೊಡುವ, ಮೊಸರಿನಲ್ಲಿ ಇರುವಂಥ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಅಲ್ಲಿ ಮಂಜುಗಡ್ಡೆಯಾಗಿಸಿ, ನೀರಿನಂಶ ಹೀರಿ, ಪುಡಿ ಮಾಡಿ ಫ್ರೀಜರಿನಲ್ಲಿ ಇಡುತ್ತಿದ್ದರು. ಒಣಗಿದರೂ ಅವು ಸತ್ತಿಲ್ಲ, ನಿದ್ದೆಯಲ್ಲಿವೆ. ತೇವ ತಾಕಿದರೆ ಮಾತ್ರ ಉಳಿಯುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರು. ಡಬ್ಬಿಯ ಚಳಿ ಬಿಡುವ ತನಕ ಮುಚ್ಚಳ ತೆರೆಯುವಂತಿರಲಿಲ್ಲ.

ಮಳೆಗಾಲದ ಆ ಸಂಜೆ, ಲೋಕಲ್ ರೈಲು ತಪ್ಪೀತೆಂಬ ಅವಸರದಲ್ಲಿ, ಅಳತೆ ಚಮಚ ಹಾಕಲು ಇನ್ನೂ ಚಳಿ ಬಿಡದ ಒಂದು ಡಬ್ಬಿಯನ್ನು ತೆರೆದೇಬಿಟ್ಟಳು. ಹಸಿ ಗಾಳಿ ಹೊಕ್ಕು ಪುಡಿ ಕಣ್ಣೆದುರೇ ಗಂಟುಗಂಟಾಯಿತು. ಯಾರಿಗೂ ಹೇಳದೆ ಮುಚ್ಚಳ ಬಿಗಿದು, ತಪಾಸಣೆ ಮುಗಿದು ಬೆಳಗ್ಗೆ ಹೊರಡಲಿದ್ದ ಡಬ್ಬಿಗಳ ನಡುವೆ ಇಟ್ಟಳು. ಅದರಿಂದ ಮೊದಲೇ ತೆಗೆದಿದ್ದ ಚಿಟಿಕೆ ಪುಡಿಯನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದಳು.

ಮನೆಯಲ್ಲಿ ಕೈಗೆ ಸಿಕ್ಕ ಗಡಿಗೆಗೆ ಉಗುರುಬೆಚ್ಚಗಿನ ಹಾಲು ಹೊಯ್ದು ಆ ಪುಡಿಯನ್ನು ಕಲಸಿಟ್ಟಳು. ಹೆಪ್ಪಾದರೆ ಜೀವ ಇದೆ. ಆಗದಿದ್ದರೆ, ಯಾವುದೋ ತಾಯಿ ಸತ್ತ ಪುಡಿಯನ್ನು ನಂಬಿ ಕೂಸಿಗೆ ಕುಡಿಸುತ್ತಾಳೆ. ರಾತ್ರಿಯಿಡೀ ಅವಳಿಗೆ ಕಣ್ಣು ಹತ್ತಲಿಲ್ಲ.

ಬೆಳಗ್ಗೆ ಗಡಿಗೆ ಓರೆ ಮಾಡಿದಳು. ಗಟ್ಟಿ ಮೊಸರು!

"ಅತ್ತೀ, ನೋಡ್ರಿ, ಹೆಂಗ ಹೆಪ್ಪಾಗ್ಯದ!"

ಅತ್ತೆ ಬಗ್ಗಿ ನೋಡಿ ನಕ್ಕಳು. "ಆಗ್ದೇ ಏನ್ ಮಾಡ್ತದ? ಮೊಸರಿನ ಗಡಿಗಿ ಅದು, ನಾ ಎಂದೂ ತೊಳಿಯಂಗಿಲ್ಲ. ಬರೇ ಹಾಲು ಹಾಕಿದ್ರೂ ಮೊಸರಾಗ್ತದ."

ದೇವಕ್ಕ ಗಡಿಯಾರ ನೋಡಿದಳು. ಕಾರ್ಖಾನೆಯಲ್ಲಿ ಡಬ್ಬಿಗಳು ಟೆಂಪೋ ಏರುವ ಹೊತ್ತಾಗಿತ್ತು.