ಗೋದಲಿಯ ಪಕ್ಕದಲ್ಲೊಂದು ತೊಟ್ಟಿಲು

ನಾನು ಅರಸೀಕೆರೆ ಜಂಕ್ಷನ್ನಿನ ಟಿಕೆಟ್ ಕೌಂಟರಿನಿಂದ ನಿವೃತ್ತಳಾದ ಮರುವರ್ಷ ನಮ್ಮ ಚರ್ಚಿನ ಜೈಲು ಸೇವಾ ತಂಡಕ್ಕೆ ಸೇರಿದೆ. ಪಾಸ್ಟರ್ ಸೇರಿಸಿಬಿಟ್ಟರು ಎನ್ನುವುದೇ ಸರಿ. ಗ್ರೇಸಮ್ಮನವರು ಮನೆಯಲ್ಲಿ ಕೂತು ಗೋಡೆಗಳನ್ನು ಗದರಿಸುವ ಬದಲು ನಮ್ಮ ಜೊತೆ ಬರಲಿ ಎಂದರಂತೆ. ನನ್ನ ಬಾಯಿ ಸ್ವಲ್ಪ ಜೋರು, ಅದು ಊರಿಗೇ ಗೊತ್ತು. ಭಾನುವಾರ ಮಧ್ಯಾಹ್ನ ಆರಾಧನೆ ಮುಗಿಸಿ ನಾವು ಉಪಕಾರಾಗೃಹಕ್ಕೆ ಹೋಗುತ್ತಿದ್ದೆವು. ಉಪಕಾರಾಗೃಹವೆಂದರೆ ದೊಡ್ಡ ಜೈಲಲ್ಲ, ವಿಚಾರಣೆ ಇನ್ನೂ ಮುಗಿಯದವರನ್ನು ಇರಿಸುವ ಜಾಗ. ಹಾಡು, ಪ್ರಾರ್ಥನೆ, ಒಂದಿಷ್ಟು ಹರಟೆ, ಸೋಪು, ಟವೆಲ್ಲು, ಇಷ್ಟೇ ನಮ್ಮ ಸೇವೆ. ಇಷ್ಟವಿದ್ದವರು ಬಂದು ಕೂರುತ್ತಿದ್ದರು. ಅವರಲ್ಲಿ ಹೆಚ್ಚಿನವರು ನಮ್ಮ ಧರ್ಮದವರಲ್ಲ, ನಾವೂ ಆ ಗೋಜಿಗೆ ಹೋಗುತ್ತಿರಲಿಲ್ಲ.

ತಂಡಕ್ಕೆ ಎರಡು ಕಟ್ಟಳೆಗಳಿದ್ದವು. ಏನು ಮಾಡಿ ಒಳಗೆ ಬಂದೆ ಎಂದು ಯಾರನ್ನೂ ಕೇಳಬಾರದು. ಜೈಲರ್ ಸಾಹೇಬರಿಗೆ ತಿಳಿಸದೆ ಒಳಗಿನ ಸುದ್ದಿಯನ್ನು ಹೊರಗೆ ಒಯ್ಯಬಾರದು. ಮೊದಲನೆಯದು ನನಗೆ ಸಲೀಸಾಗಿತ್ತು. ಕೌಂಟರಿನಲ್ಲಿ ಇಡೀ ಆಯುಷ್ಯ ಎಲ್ಲಿಗೆ ಎಂದು ಕೇಳಿದವಳೇ ಹೊರತು ಏಕೆ ಎಂದು ಕೇಳಿದವಳಲ್ಲ. ಎರಡನೆಯದೇ ಕಷ್ಟ. ಲೋಕೇಶನ ವಿಷಯದಲ್ಲಿ ಅದು ನನ್ನನ್ನು ಚೆನ್ನಾಗಿ ಸತಾಯಿಸಿತು.

ಲೋಕೇಶ ಕೊಬ್ಬರಿ ಸಾಗಿಸುವ ಟೆಂಪೋ ಡ್ರೈವರ್. ಮಾರ್ಕೆಟ್ಟಿನಲ್ಲಿ ನಡೆದ ಹೊಡೆದಾಟದ ಕೇಸು ಎಂದು ಅವನೇ ಹೇಳಿಕೊಂಡಿದ್ದ. ಅವನು ಒಳಗೆ ಬಂದ ಮೇಲೆ ಮಾದಿಹಳ್ಳಿಯ ತವರಿನಲ್ಲಿ ಹೆಂಡತಿ ರೂಪಾಳಿಗೆ ಹೆಣ್ಣುಮಗು ಹುಟ್ಟಿತ್ತು. ಅವನು ಅದರ ಮುಖವನ್ನೇ ನೋಡಿರಲಿಲ್ಲ. ಅಳಿಯ ಜೈಲು ಸೇರಿದನೆಂದು ಮಾವನಿಗೆ ಕೆಂಡದಂಥ ಕೋಪ. ಮಗಳನ್ನು ಜೈಲಿನ ಬಾಗಿಲಿಗೆ ಕಳಿಸುವುದಿಲ್ಲ, ಹೊಸ ವರ್ಷಕ್ಕೆ ಮೊದಲೇ ನಾಮಕರಣ ಮಾಡಿ ಮುಗಿಸುತ್ತೇನೆ, ಅಪ್ಪ ಇದ್ದರೇನು ಬಿಟ್ಟರೇನು ಎಂದು ಹೇಳಿ ಕಳಿಸಿದ್ದರು.

ಅಷ್ಟರೊಳಗೆ ಜಾಮೀನು ಸಿಗುವುದಿಲ್ಲವೇ ಎಂದು ನಾನು ಕೇಳಿದೆ. ಅವನು ತಲೆ ಕೆರೆದುಕೊಂಡು ನಕ್ಕ.

“ನಿಮ್ ಹಬ್ಬಕ್ಕೇ ಕೋರ್ಟು ರಜಾ ಕಣಕ್ಕ. ಏಸಪ್ಪ ಹುಟ್ಟಿದ್ದಕ್ಕೆ ನನ್ ಜಾಮೀನು ನಿಂತೋಯ್ತು.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಮಾತು ಮುಳ್ಳಿನ ಹಾಗೆ ಚುಚ್ಚತೊಡಗಿತು. ಮರುದಿನವೇ ಜೈಲರ್ ಸಾಹೇಬರ ಎದುರು ಕೂತು ಎಲ್ಲವನ್ನೂ ಹೇಳಿದೆ. ಕ್ರಿಸ್‌ಮಸ್ ಕಾರ್ಯಕ್ರಮದ ದಿನ ಹೆಂಡತಿ ಮಗುವನ್ನು ಕರೆದುಕೊಂಡು ಬಂದರೆ ಮುಂದಿನ ಹಾಲಿನಲ್ಲಿ, ಸಿಬ್ಬಂದಿಯ ಕಣ್ಣೆದುರಿಗೆ ಭೇಟಿ ಮಾಡಿಸುತ್ತೇನೆ, ಕರೆತರುವ ಜವಾಬ್ದಾರಿ ನಿಮ್ಮದು ಎಂದರು ಅವರು.

ಜಾವಗಲ್ ದಾರಿಯ ಬಸ್ಸು ಹಿಡಿದು ಮಾದಿಹಳ್ಳಿಗೆ ಹೋದೆ. ರೂಪಾಳ ಅಪ್ಪ ಡೈರಿಗೆ ಹಾಲು ಹಾಕಿ ಆಗಷ್ಟೇ ಬಂದು ಜಗಲಿಯ ಮೇಲೆ ಕೂತಿದ್ದರು. ಜೈಲಿನಿಂದ ಬಂದಿದ್ದೇನೆ ಎಂದು ಅಭ್ಯಾಸಬಲದಿಂದ ಹೇಳಿಬಿಟ್ಟೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಈ ವಯಸ್ಸಿನಲ್ಲಿ ಏನು ಮಾಡಿದ್ದಿರಿ ಎಂದು ಕೇಳಿದರು. ಒಳಗಿನಿಂದ ರೂಪಾಳ ತಾಯಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಸಮಜಾಯಿಷಿ ಕೊಟ್ಟು, ಚರ್ಚಿನವಳು ಎಂದ ಮೇಲಂತೂ ಯಜಮಾನರ ಮುಖ ಇನ್ನಷ್ಟು ಬಿಗಿಯಿತು.

“ನಮ್ ಮಗೀಗೆ ನಿಮ್ ಹೆಸ್ರಿಡಕ್ ಬಂದ್ರಾ?”

ಮಗು ನಿಮ್ಮದು, ಹೆಸರೂ ನಿಮ್ಮದು, ಹೆತ್ತ ಅಪ್ಪ ಒಂದು ಸಲ ಎತ್ತಿಕೊಳ್ಳಲಿ ಎಂದಷ್ಟೇ ಕೇಳಲು ಬಂದೆ ಎಂದೆ. ಅವರು ಎದ್ದು ಕೊಟ್ಟಿಗೆಗೆ ಹೋದರು. ನನ್ನ ಜೋರು ಬಾಯಿಯ ಆಟ ಅಲ್ಲಿ ನಡೆಯಲಿಲ್ಲ. ಸಪ್ಪೆ ಮುಖ ಹಾಕಿಕೊಂಡು ಹೊರಟವಳ ಜೊತೆ ರೂಪಾಳ ತಾಯಿ ಬಸ್ ನಿಲ್ದಾಣದವರೆಗೂ ಬಂದರು. ಬಸ್ಸು ಕಾಣಿಸಿದಾಗ ಮೆಲ್ಲಗೆ, “ಅವ್ರು ಹಂಗೇ ಕಣಮ್ಮ. ಬತ್ತೀವಿ, ನೀವ್ ಹೋಗಿ,” ಎಂದರು.

ಕಾರ್ಯಕ್ರಮದ ದಿನ ಬೆಳಿಗ್ಗೆ ನಾವು ಹಾಲಿನ ಮೂಲೆಯಲ್ಲಿ ಗೋದಲಿ ಕಟ್ಟಿದೆವು. ಗೋದಲಿಯೆಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ನಮ್ಮೂರಿನ ಗೋದಲಿಗೆ ತೆಂಗಿನ ಸೋಗೆಯ ಮಾಡು, ಹುಲ್ಲಿನ ಬದಲು ತೆಂಗಿನ ನಾರು. ಲೋಕೇಶ ನಾರು ಹರಡುತ್ತಾ ಬೊಂಬೆಯ ಮಗುವನ್ನೇ ನೋಡಿ, ಹಸುಗೂಸನ್ನು ಹೀಗೆ ನೆಲಕ್ಕೆ ಹಾಕುತ್ತಾರೆಯೇ, ತೊಟ್ಟಿಲಿಗೆ ಹಾಕುವುದಿಲ್ಲವೇ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡ. ಉಳಿದವರೂ ಅವನ ಪರ ನಿಂತರು. ಕೇಕು ತಂದಿದ್ದ ದೊಡ್ಡ ಬಿದಿರಿನ ಬುಟ್ಟಿಗೆ ಯಾರೋ ತಮ್ಮ ಒಗೆದ ಪಂಚೆ ಹಾಸಿದರು. ಚೆಂಡುಹೂವಿನ ಸರ ಸುತ್ತಿ ಅದರೊಳಗೆ ಅಂಗೈಯಷ್ಟಿದ್ದ ಬೊಂಬೆಯನ್ನು ಮಲಗಿಸಿದರು. ಪಾಸ್ಟರ್ ಬೇಡವೆನ್ನಲಿಲ್ಲ.

ಹಾಡು ಶುರುವಾದರೂ ಲೋಕೇಶನ ಕಣ್ಣು ಬಾಗಿಲಿನ ಮೇಲೇ ಇತ್ತು. ಪಾಸ್ಟರ್ ಸಂದೇಶ ಮುಗಿಸಿದರು, ಕೇಕು ಹಂಚಿದ್ದಾಯಿತು. ನನಗೆ ಅವನ ಕಡೆ ನೋಡಲು ಧೈರ್ಯವಾಗಲಿಲ್ಲ. ಆಗ ಹೊರಗಿನಿಂದ ಮಗುವಿನ ಅಳು ಕೇಳಿಸಿತು. ಪೇದೆ ಬಾಗಿಲು ತೆರೆದಾಗ ರೂಪಾ, ಅವಳ ತಾಯಿ, ಹಿಂದೆ ಮುಖ ತಿರುಗಿಸಿಕೊಂಡು ನಿಂತ ಯಜಮಾನರು. ಲೋಕೇಶ ಮಗುವನ್ನು ಎತ್ತಿಕೊಳ್ಳಲು ಹೆದರಿದ. ಮೂಟೆಗಟ್ಟಲೆ ಕೊಬ್ಬರಿ ಹೊರುವ ಕೈಗಳನ್ನು ಅಂಗಿಗೆ ಮತ್ತೆ ಮತ್ತೆ ಒರೆಸಿಕೊಂಡ. ರೂಪಾ ನಗುತ್ತಾ, ಅಳುತ್ತಾ ಮಗುವನ್ನು ಅವನ ತೋಳಿನಲ್ಲಿಟ್ಟಳು.

ರೂಪಾಳ ತಾಯಿ ಬುಟ್ಟಿಯನ್ನು ನೋಡಿದರು. ಬೊಂಬೆಯನ್ನು ಜೋಪಾನವಾಗಿ ಎತ್ತಿ ನಾರಿನ ಮೇಲೆ ಮಲಗಿಸಿ, ಆ ಜಾಗದಲ್ಲಿ ಮೊಮ್ಮಗಳನ್ನು ಮಲಗಿಸಿದರು. ಅಪ್ಪ ಇದ್ದಾನೆ, ತೊಟ್ಟಿಲಿದೆ, ಇನ್ನೇನು ಬೇಕು ಎಂದು ಗಂಡನ ಕಡೆ ತಿರುಗಿದರು. ಯಜಮಾನರು ಇನ್ನೂ ಹೊಸ್ತಿಲಾಚೆಗೇ ನಿಂತು ಒಂದು ತಕರಾರು ತೆಗೆದರು. ಅವರ ಕಡೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಅಪ್ಪನ ಅಕ್ಕನೋ ತಂಗಿಯೋ. ಲೋಕೇಶನಿಗೆ ಅಕ್ಕತಂಗಿಯರೇ ಇಲ್ಲ.

“ಸೋದರತ್ತೆ ಎಲ್ಲವ್ಳೆ?” ಎಂದರು ಯಜಮಾನರು.

ಲೋಕೇಶ ನನ್ನ ಕಡೆ ಕೈ ತೋರಿಸಿದ. “ಬಂದ್ ದಿನದಿಂದ ಅಕ್ಕ ಅಂತ್ಲೇ ಕರ್ದಿದ್ದೀನಿ ಮಾವ.”

ಯಜಮಾನರು ನನ್ನನ್ನು ಮತ್ತೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು. ತಾವು ಆರಿಸಿಟ್ಟಿದ್ದ ಹೆಸರನ್ನು ನನಗೊಬ್ಬಳಿಗೇ ಕೇಳುವಂತೆ ಉಸುರಿದರು. ನಾನು ಬಗ್ಗಿ ಮಗುವಿನ ಕಿವಿಯಲ್ಲಿ ಚಂದನಾ ಎಂದು ಮೂರು ಸಲ ಹೇಳಿದೆ. ರೂಪಾಳ ತಾಯಿ ಸೋಬಾನೆ ಎತ್ತಿಕೊಂಡರು. ಒಳಗಿದ್ದವರೆಲ್ಲ ಸೊಲ್ಲಿಗೆ ಸೊಲ್ಲು ಸೇರಿಸಿದರು, ನಮ್ಮ ಗಿಟಾರಿನವರು ತಡಕಾಡಿ ಆ ಧಾಟಿ ಹಿಡಿದರು. ಜೈಲರ್ ಸಾಹೇಬರು ಭೇಟಿಯ ಸಮಯ ಮುಗಿಯಿತು ಎಂದು ಹೇಳಲು ಬಂದವರು ತಾವೂ ಬುಟ್ಟಿ ತೂಗಿ ಹೋದರು. ಅಷ್ಟು ಖುಷಿಯ ಕ್ರಿಸ್‌ಮಸ್ ನನ್ನ ಪಾಲಿಗೆ ಮತ್ತೊಂದಿಲ್ಲ.

ರಜೆ ಮುಗಿದು ಕೋರ್ಟು ತೆರೆದ ಮೇಲೆ ಲೋಕೇಶನಿಗೆ ಜಾಮೀನು ಸಿಕ್ಕಿತು. ಮೊದಲ ಬಾರಿ ಮಾದಿಹಳ್ಳಿಗೆ ಹೋದಾಗ ನನ್ನನ್ನು ಜಗಲಿಯಲ್ಲೇ ನಿಲ್ಲಿಸಿದ್ದ ಯಜಮಾನರು ಈಗ ಹೋದಾಗಲೆಲ್ಲ ಸೀರೆ, ಎಲೆ ಅಡಿಕೆ ತಟ್ಟೆಯಲ್ಲಿಟ್ಟು ಅತ್ತೆಗೆ ಸಲ್ಲಬೇಕಾದ್ದು ಎಂದು ಕೊಡುತ್ತಾರೆ. ಜೈಲು ಸೇವೆ ನನಗೆ ಕಲಿಸಿದ್ದು ಇಷ್ಟೇ. ಅಲ್ಲಿ ನಮ್ಮನ್ನು ಯಾರಾದರೂ ಅಕ್ಕ ಎಂದು ಕರೆದರೆ ಅದು ಬರೀ ಮರ್ಯಾದೆಯ ಮಾತಲ್ಲ, ಒಂದು ದಿನ ಆ ಜಾಗದಲ್ಲಿ ನಿಂತು ತೋರಿಸಬೇಕಾಗುತ್ತದೆ. ಚಂದನಾ ಈಗ ಓಡಾಡುತ್ತಾಳೆ. ಮೊನ್ನೆ ಅರಸೀಕೆರೆ ಪೇಟೆಯಲ್ಲಿ ನನ್ನನ್ನು ಕಂಡು ಅಪ್ಪನ ಕೈ ಬಿಡಿಸಿಕೊಂಡು ಅತ್ತೇ ಎಂದು ಕೂಗಿಕೊಂಡೇ ಬಂದಳು. ಬಾಯಿ ಮಾತ್ರ ಥೇಟ್ ನನ್ನದೇ.